ಇಳಕಲ್ಲಿನ ಗಾಡಿ ಮತ್ತು ನನ್ನ ಮೂಗು

ಆಗಿನ ದಿನಗಳಲ್ಲಿ ನಾನು ಊಟವನ್ನೂ ಅಡ್ಡಾಡುತ್ತಲೇ ಮಾಡುತ್ತಿದ್ದೆ. ತಟ್ಟೆ ಕೈಯಲ್ಲಿ ಹಿಡಿದು ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ. "ನಿಮ್ಮ ಹಿಂದ ಚಟ್ನಿ ಹಿಡ್ಕೊಂಡು ನಾನೂ ಓಡಬೇಕೇನು?" ಎಂದು ಹೆಂಡತಿ ಬಯ್ಯುತ್ತಿದ್ದಳು. ಬಾಗಲಕೋಟೆಯ ನನ್ನ ಗ್ಯಾರೇಜಿನಲ್ಲೂ ಅದೇ ಕಥೆ. ಬಿಗಿದ ನಟ್ಟನ್ನೇ ಮತ್ತೆ ಬಿಚ್ಚಿ ಬಿಗಿಯುತ್ತಿದ್ದೆ, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದೆ. ಸಿಟ್ಟು ನನಗೆ ಮೊದಲಿನಿಂದಲೂ ಇತ್ತು, ಅದು ನಮ್ಮಪ್ಪನ ಕಡೆಯಿಂದ ಬಂದ ಆಸ್ತಿ. ಈ ಚಡಪಡಿಕೆ ಮಾತ್ರ ಮೂಗು ಹೋದ ಮೇಲೆ ಶುರುವಾದದ್ದು.

ಮೂಗು ಹೋಯಿತು ಅಂದರೆ ಮುಖದ ಮೇಲಿನದು ಎಲ್ಲಿಗೂ ಹೋಗಿಲ್ಲ. ಕನ್ನಡಕ ಹೊತ್ತುಕೊಂಡು ಇದ್ದಲ್ಲೇ ಇದೆ, ಸಿಟ್ಟೂ ಅದರ ತುದಿಯಲ್ಲೇ ಇದೆ. ಹೋದದ್ದು ವಾಸನೆ. ಕೊರೋನಾ ಎರಡನೆಯ ಸಲ ಬಂದಾಗ ನನಗೂ ಜ್ವರ ಬಂತು, ಮಲಗಿದೆ, ಎದ್ದೆ. ಎದ್ದ ದಿನ ಹೆಂಡತಿ ಚಹಾ ತಂದುಕೊಟ್ಟಳು. ಬಿಸಿನೀರಿಗೆ ಸಕ್ಕರೆ ಹಾಕಿ ಚಹಾ ಅಂತ ಕೊಡುತ್ತೀಯಲ್ಲ ಎಂದು ರೇಗಿದೆ. ಅದು ಶುಂಠಿ ಜಜ್ಜಿ ಹಾಕಿದ ಚಹಾ ಆಗಿತ್ತು. ಅವಳಿಗೂ ವಾಸನೆ ಹೋಗಿತ್ತು, ಅವಳ ತಂಗಿಗೂ ಹೋಗಿತ್ತು, ಓಣಿಯ ಅರ್ಧ ಜನಕ್ಕೆ ಹೋಗಿತ್ತು. ಎಲ್ಲರದೂ ತಿರುಗಿ ಬಂತು. ನನ್ನದು ಬರಲಿಲ್ಲ. ದವಾಖಾನೆಯಲ್ಲಿ "ಬರ್ತೈತಿ, ಸಮಾಧಾನ ಇರಲಿ" ಎಂದರು. ನನಗೆ ಇಲ್ಲದ್ದೇ ಸಮಾಧಾನ.

ಬೆಳಗ್ಗೆ ಎದ್ದ ಕೂಡಲೇ ನನಗೊಂದು ಪರೀಕ್ಷೆ ಇರುತ್ತಿತ್ತು. ದೇವರ ಮನೆಯ ಕರ್ಪೂರ, ಬೆಳ್ಳುಳ್ಳಿ ಎಸಳು, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿಯ ಡಬ್ಬಿ, ಕೊನೆಗೆ ಗ್ಯಾರೇಜಿನ ಪೆಟ್ರೋಲ್ ಅರಿವೆ, ಒಂದಾದ ಮೇಲೊಂದು ಮೂಗಿಗೆ ಹಿಡಿದು ಎಳೆದುಕೊಳ್ಳುತ್ತಿದ್ದೆ. ಕರ್ಪೂರ ತಣ್ಣಗೆ ತಾಗುತ್ತಿತ್ತು, ಹಿಂಡಿ ಸೀನು ತರಿಸುತ್ತಿತ್ತು. ಇಂಥದ್ದು ಎಂದು ಹೇಳುವ ವಾಸನೆ ಒಂದೂ ಬರುತ್ತಿರಲಿಲ್ಲ. ಪರೀಕ್ಷೆಯಲ್ಲಿ ನಪಾಸಾದ ಸಿಟ್ಟನ್ನು ಆ ದಿನದ ಮೊದಲ ಗಿರಾಕಿ ಅನುಭವಿಸುತ್ತಿದ್ದ.

ಬೇರೆ ಕೆಲಸದವನಿಗೆ ಇದು ಊಟದ ರುಚಿ ಕೆಟ್ಟ ಸಂಗತಿ, ಅಷ್ಟೇ. ನನಗೆ ಹೊಟ್ಟೆಪಾಡಿನ ಸಂಗತಿ. ಎಂಜಿನ್ನಿನೊಳಗೆ ಗಾಳಿ ಮತ್ತು ಪೆಟ್ರೋಲ್ ಹದವಾಗಿ ಬೆರೆತು ಉರಿಯಬೇಕು. ಪೆಟ್ರೋಲ್ ಹೆಚ್ಚಾದರೆ ಗಾಡಿ ರಿಚ್ ಆಗಿದೆ ಎನ್ನುತ್ತೇವೆ, ಗಾಳಿ ಹೆಚ್ಚಾದರೆ ಲೀನ್ ಆಗಿದೆ ಎನ್ನುತ್ತೇವೆ. ಎರಡರಲ್ಲೂ ಗಾಡಿ ಎಳೆಯುವುದಿಲ್ಲ, ತಿಣುಕುತ್ತದೆ, ನಿಂತಲ್ಲಿ ಆರಿಹೋಗುತ್ತದೆ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ರೋಗ. ಮದ್ದು ಮಾತ್ರ ಒಂದಕ್ಕೊಂದು ತದ್ವಿರುದ್ಧ. ಸೈಲೆನ್ಸರಿನ ಹಿಂದೆ ಬಗ್ಗಿ ಒಂದು ಸಲ ಉಸಿರೆಳೆದುಕೊಂಡರೆ ನನಗೆ ಯಾವ ರೋಗವೆಂದು ತಿಳಿಯುತ್ತಿತ್ತು. ಹಸಿ ಪೆಟ್ರೋಲಿನ ಗಾಟು ಇದ್ದರೆ ರಿಚ್. ಒಣ ಬಿಸಿ, ಸುಟ್ಟ ಕಬ್ಬಿಣದಂಥ ವಾಸನೆ ಇದ್ದರೆ ಲೀನ್. ಬಾದಾಮಿಯಿಂದ, ಹುನಗುಂದದಿಂದ ಗಾಡಿ ತಂದವರು ಬಾನೆಟ್ ಎತ್ತುವ ಮೊದಲೇ "ಮೊದಲ ವಾಸನಿ ನೋಡ್ರಿ" ಎನ್ನುತ್ತಿದ್ದರು. ನಾನು ಹೆಸರು ಮಾಡಿದ್ದೇ ಈ ಮೂಗಿನಿಂದ.

ಅದು ಹೋಯಿತೆಂದು ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೊಬ್ಬಳಿಗೆ ಗೊತ್ತಿತ್ತು. ಗಿರಾಕಿ ಬಂದರೆ ಹಳೆಯ ಹಾಗೆಯೇ ಸೈಲೆನ್ಸರಿನ ಹಿಂದೆ ಬಗ್ಗುತ್ತಿದ್ದೆ, ಕಣ್ಣು ಮುಚ್ಚುತ್ತಿದ್ದೆ, ಹೂಂ ಎಂದು ತಲೆ ಆಡಿಸುತ್ತಿದ್ದೆ. ಆಮೇಲೆ ಗಾಡಿಯೊಳಗೆ ಹೋಗಿ ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿ ನೋಡುತ್ತಿದ್ದೆ. ಈ ಸ್ಕ್ಯಾನರ್ ಎನ್ನುವುದು ಒಂದು ಸಣ್ಣ ಪೆಟ್ಟಿಗೆ. ಗಾಡಿಯ ಒಳಗಿನ ಕಂಪ್ಯೂಟರು ತನಗೇನು ಅನಿಸಿದೆಯೋ ಅದನ್ನು ಈ ಪೆಟ್ಟಿಗೆಯ ಪರದೆಯ ಮೇಲೆ ಬರೆದು ತೋರಿಸುತ್ತದೆ. ಮೂಗು ಇದ್ದಾಗ ಅದನ್ನು ನಾನು ಕಪಾಟಿನಿಂದ ತೆಗೆದದ್ದೇ ಅಪರೂಪ. ಈಗ ಅದರ ಮಾತು ಕೇಳಿಕೊಂಡು ಬದುಕುವ ಗತಿ ಬಂದಿತ್ತು, ಅದಕ್ಕೇ ಅದರ ಮೇಲೆ ನನಗೆ ಸಿಟ್ಟು.

ಅದೇ ಸಮಯಕ್ಕೆ ಹೆಂಡತಿಯ ತಮ್ಮ ಒಂದು ಮಾತು ತಂದ. ಕೆರೂರಿನಲ್ಲಿ ಅವನದೊಂದು ಬಿಡಿಭಾಗಗಳ ಅಂಗಡಿ. ಕೌಂಟರಿನಲ್ಲಿ ನಂಬಿಕೆಯ ಮನುಷ್ಯ ಬೇಕು, ಗ್ಯಾರೇಜು ಮುಚ್ಚಿ ಬಂದುಬಿಡಿ ಎಂದ. "ನೆಳ್ಳಿನ್ಯಾಗ ಕುಂತು ಮಾಡೂ ಕೆಲಸ, ಮಾಮಾ" ಎಂದ. ದಸರಾ ಒಳಗೆ ಹೇಳುತ್ತೇನೆ ಎಂದೆ. ಬೆಲ್ಟು ಕೇಳಿದವನಿಗೆ ಬೆಲ್ಟು, ಬಲ್ಬು ಕೇಳಿದವನಿಗೆ ಬಲ್ಬು ಕೊಟ್ಟುಕೊಂಡು ದಿನ ಕಳೆಯುವುದನ್ನು ನೆನೆದರೆ ಎದ್ದು ಮತ್ತೆರಡು ಸುತ್ತು ಅಡ್ಡಾಡುತ್ತಿದ್ದೆ. ಆದರೆ ಸುಳ್ಳು ಸುಳ್ಳೇ ತಲೆ ಆಡಿಸಿಕೊಂಡು ಎಷ್ಟು ದಿನ ನಡೆಸುವುದು? ಮೂಗಿಲ್ಲದೆ ನಾನು ಮೆಕ್ಯಾನಿಕ್ ಹೌದೋ ಅಲ್ಲವೋ, ಅದೊಂದು ತೀರ್ಮಾನವಾಗಬೇಕಿತ್ತು.

ಆಗ ಇಳಕಲ್ಲಿನ ಗಾಡಿ ಬಂತು.

ಗಾಡಿಯ ಮಾಲೀಕ ಇಳಕಲ್ಲಿನಲ್ಲಿ ಕಲ್ಲಿಗೆ ಪಾಲಿಶ್ ಮಾಡುವ ಘಟಕ ಇಟ್ಟುಕೊಂಡವನು. ಅಲ್ಲಿಯ ಕೆಂಪು ಗ್ರಾನೈಟನ್ನು ಕೊಯ್ದು, ತಿಕ್ಕಿ, ಕನ್ನಡಿ ಮಾಡಿ ಕಳಿಸುತ್ತಾನೆ. ಅಷ್ಟು ದೂರದಲ್ಲಿದ್ದರೂ ತನ್ನ ಗಾಡಿಗೆ ನನ್ನ ಕೈಯೇ ಆಗಬೇಕು ಎನ್ನುವ ಹಳೆಯ ಗಿರಾಕಿ. ಮಾತು ನಿಧಾನ, ನಗೆ ಜಾಸ್ತಿ. ಮೊದಲನೆಯದನ್ನು ನನಗೆ ತಡೆಯಲಾಗುವುದಿಲ್ಲ, ಎರಡನೆಯದು ಇಷ್ಟ.

"ಮುಂಜಾನೆ ಚಾಲೂ ಮಾಡಿದ್ರ ಹೂವಿನಂಗ ಹೊಕ್ಕೈತ್ರಿ" ಎಂದ. "ಒಂದ ತಾಸು ಓಡಿದ ಮ್ಯಾಲ ಎಳಿಯೂದ ಇಲ್ಲ. ಪೆಟ್ರೋಲ್ ಅಂತೂ ನೀರ ಕುಡದಂಗ ಕುಡೀತೈತಿ. ವಾಸನಿ ನೋಡ್ರಿ."

ನೋಡಿದೆ, ಅಂದರೆ ನೋಡಿದಂತೆ ಮಾಡಿದೆ. ಸ್ಕ್ಯಾನರ್ ಚುಚ್ಚಿದರೆ ಲೀನ್ ಎಂದಿತು. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಸರಿ, ಲೀನಿಗೆ ಏನು ಮಾಡಬೇಕೋ ಅದನ್ನೆಲ್ಲ ಮಾಡಿದೆ. ಎಂಜಿನ್ನಿಗೆ ಗಾಳಿ ಕೊಡುವ ಹೋಸುಗಳಲ್ಲಿ ತೂತಿದೆಯೇ ಎಂದು ಒಂದೊಂದನ್ನೂ ಹಿಸುಕಿ ನೋಡಿದೆ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳನ್ನು ಬಿಚ್ಚಿ ತೊಳೆದೆ. ಫಿಲ್ಟರ್ ಬದಲಿಸಿದೆ. ಗಾಡಿ ಹೂವಿನಂತೆ ಹೋಯಿತು. ವಾರ ಕಳೆಯುವಷ್ಟರಲ್ಲಿ ತಿರುಗಿ ಬಂತು.

"ಅಮೀನಗಡ ದಾಟಿದ ಮ್ಯಾಲ ಮತ್ತ ಅದ ಹಾಡು" ಎಂದ ಕಲ್ಲಿನವನು, ನಗುತ್ತಲೇ.

ಪೆಟ್ರೋಲ್ ಪಂಪು ಬದಲಿಸಿದೆ. ಮತ್ತೆ ಬಂತು. ಆ ಸಲ ಅವನು ನಗಲಿಲ್ಲ. ಗಾಡಿಯನ್ನು ನನ್ನ ಹತ್ತಿರವೇ ಬಿಟ್ಟು, ಬಸ್ಸು ಹತ್ತಿ ಊರಿಗೆ ಹೋದ. "ನಿಮಗ ಸಿಗಲಿಲ್ಲ ಅಂದ್ರ ಮತ್ತ ಯಾರಿಗಿ ಸಿಗತೈತ್ರಿ" ಎಂದು ಹೋಗುವಾಗ ಹೇಳಿದ. ಬೈದು ಹೋಗಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಮರುದಿನ ಗಾಡಿ ತೆಗೆದುಕೊಂಡು ಒಬ್ಬನೇ ಬಾದಾಮಿಯ ಕಡೆ ಹೊರಟೆ. ಗುಳೇದಗುಡ್ಡದ ಏರಿನಲ್ಲಿ ಎಂಜಿನ್ನಿಗೆ ಚೆನ್ನಾಗಿ ಕಾವು ಹತ್ತುತ್ತದೆ, ರೋಗ ಹೊರಗೆ ಬರಬೇಕು. ಬಿಸಿಲು ಜೋರಾಗಿದ್ದುದರಿಂದ ಕಿಟಕಿಯ ಕಾಜು ಏರಿಸಿ ಎಸಿ ಹಾಕಿದ್ದೆ. ಪಕ್ಕದ ಸೀಟಿನಲ್ಲಿ ಸ್ಕ್ಯಾನರ್ ಮಲಗಿಕೊಂಡು ತನ್ನ ಲೀನ್ ಜಪ ಮಾಡುತ್ತಿತ್ತು. ಗುಡ್ಡ ಇಳಿಯುವಷ್ಟರಲ್ಲಿ ಗಾಡಿ ತಿಣುಕತೊಡಗಿತು, ನನ್ನ ತಲೆಯೂ ಭಾರವಾಯಿತು. ಬಿಸಿಲು ಎಂದುಕೊಂಡೆ. ಮಹಾಕೂಟದ ದಾರಿ ದಾಟಿ, ಬಾದಾಮಿ ದಾಟಿ, ಬನಶಂಕರಿಯ ಹೊಂಡದ ಹತ್ತಿರ ನಿಲ್ಲಿಸಿ ಕೆಳಗಿಳಿದರೆ ಕಾಲು ತಡವರಿಸಿದವು.

ಅಲ್ಲಿ ಬುಟ್ಟಿಯಲ್ಲಿ ರೊಟ್ಟಿ ಇಟ್ಟುಕೊಂಡು ಊಟ ಮಾರುವ ಹೆಣ್ಣುಮಕ್ಕಳು ಇರುತ್ತಾರೆ. ಒಬ್ಬಾಕೆ ರೊಟ್ಟಿಯ ಮೇಲೆ ಪಲ್ಯ, ಕೆಂಪು ಚಟ್ನಿ ಇಟ್ಟುಕೊಟ್ಟು ಮೂಗು ಮುರಿದಳು. "ಯಣ್ಣಾ, ನಿನ್ನ ಅರಿಬಿ ಎಷ್ಟ ಪೆಟ್ರೋಲ್ ನಾರ್ತಾವೋ!"

"ಗ್ಯಾರೇಜಿನಾವನ ಅರಿಬಿ ಮತ್ತೇನು ಮಲ್ಲಿಗಿ ನಾರಬೇಕೇನು?" ಎಂದು ರೇಗಿದೆ. ಆಕೆ ನಕ್ಕು ಮೊಸರಿನ ಗಡಿಗೆ ಮುಂದಿಟ್ಟಳು. ಆಕೆಯ ಮಾತಿನಲ್ಲಿ ನನಗೆ ಬೇಕಾದ ಉತ್ತರ ಅರ್ಧ ಇತ್ತು. ಸಿಟ್ಟಿನಲ್ಲಿ ಅದು ನನ್ನ ತಲೆಗೆ ಹೋಗಲಿಲ್ಲ.

ಬಾಗಲಕೋಟೆಗೆ ಮರಳಿ, ಬಿಸಿ ಆರುವ ಮೊದಲೇ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗುಗಳನ್ನು ಬಿಚ್ಚಿದೆ. ಹೊಸ ಪ್ಲಗ್ಗುಗಳವು, ನಾನೇ ಹಾಕಿದ್ದು. ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿದ್ದವು. ಗಾಳಿ ಹೆಚ್ಚಾಗಿ ಉರಿದರೆ ಪ್ಲಗ್ಗು ಬೂದಿಯಂತೆ ಬೆಳ್ಳಗಿರಬೇಕು. ಪೆಟ್ರೋಲ್ ಹೆಚ್ಚಾದರೆ ಮಾತ್ರ ಈ ಮಸಿ. ಸ್ಕ್ಯಾನರ್ ಲೀನ್ ಎನ್ನುತ್ತದೆ, ಪ್ಲಗ್ಗು ರಿಚ್ ಎನ್ನುತ್ತದೆ. ಒಂದೇ ಗಾಡಿ, ಎರಡು ಸಾಕ್ಷಿ, ಎರಡು ಮಾತು. ನಾನೇ ಲೀನ್ ಎಂದು ನಂಬಿ ಏನೇನೋ ಬದಲಿಸಿ ಪೆಟ್ರೋಲ್ ಹೆಚ್ಚು ಮಾಡಿಬಿಟ್ಟೆನೇ? ಅಥವಾ ಪೆಟ್ಟಿಗೆಯೇ ಸುಳ್ಳು ಹೇಳುತ್ತಿದೆಯೇ? ಮೊದಲಾಗಿದ್ದರೆ ಒಂದು ಉಸಿರಿನಲ್ಲಿ ತೀರ್ಪು ಕೊಡುತ್ತಿದ್ದೆ. ಈಗ ಸೈಲೆನ್ಸರಿಗೆ ಮುಖ ತಾಗುವಷ್ಟು ಬಗ್ಗಿ, ಕೆಮ್ಮು ಬರುವಷ್ಟು ಎಳೆದುಕೊಂಡೆ. ಏನೂ ಇಲ್ಲ. ಕಣ್ಣಲ್ಲಿ ನೀರು ಬಂತು. ಅದು ಹೊಗೆಗೋ ಅಳುವಿಗೋ ನನಗೆ ಗೊತ್ತಿಲ್ಲ, ಎರಡಕ್ಕೂ ಇರಬಹುದು.

ಅಂದು ಮನೆಯಲ್ಲಿ ಹೇಳಿಬಿಟ್ಟೆ. ಈ ಗಾಡಿಯ ರೋಗ ನನಗೆ ಸಿಗಲಿಲ್ಲವೆಂದರೆ ಗ್ಯಾರೇಜಿಗೆ ಬೀಗ, ನಾನು ಕೆರೂರಿಗೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಕೆರೂರ ಅಂಗಡ್ಯಾಗ ಅಡ್ಡಾಡಾಕ ಜಾಗಾ ಇಲ್ಲ" ಎಂದಳು. ಆಮೇಲೆ, ನಾಡಿದ್ದು ಇಳಕಲ್ಲಿನಲ್ಲಿ ತನ್ನ ತಂಗಿಯ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುತ್ತಾರೆ, ಆ ಗಾಡಿ ಹೇಗೂ ಇಳಕಲ್ಲಿಗೆ ಮುಟ್ಟಿಸಬೇಕಲ್ಲ, ತನ್ನನ್ನೂ ಕರೆದುಕೊಂಡು ಹೋಗಿ ಎಂದಳು. ರೋಗಿಷ್ಠ ಗಾಡಿಯಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಹೋಗುವುದು ನನಗೆ ಬೇಡವಾಗಿತ್ತು. ಆದರೆ ಅವಳ ಮುಂದೆ ನನ್ನ ಬೇಡ ನಡೆದ ದಾಖಲೆ ಇಲ್ಲ.

ಹೊರಟೆವು. ಅವಳು ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಕೂಸಿಗೆ ಒಯ್ಯುವ ಕುಂಚಿಗೆ, ಕುಬಸದ ಗಂಟು. ಸ್ಕ್ಯಾನರ್ ಮುಂದೆ ನನ್ನ ಪಕ್ಕದಲ್ಲಿ. ಶಿರೂರು ದಾಟುವವರೆಗೆ ತೊಟ್ಟಿಲ ಶಾಸ್ತ್ರಕ್ಕೆ ಯಾರ್‍ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಹೇಳುತ್ತ ಬಂದಳು. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡಳು. ಅಲ್ಲಿಂದ ಮುಂದೆ ಮಾತು ಕಡಿಮೆಯಾಯಿತು. ಕನ್ನಡಿಯಲ್ಲಿ ನೋಡಿದರೆ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಾಳೆ.

"ಏನಾತು?"

"ಕಾಜ ಇಳಸ್ರಿ ಮೊದಲ. ಕಣ್ಣ ಉರಿಯಾಕ ಹತ್ಯಾವ. ಇಷ್ಟ ವಾಸನಿ ಬರಾಕ ಹತ್ತೈತಿ, ನಿಮಗ…" ಎಂದು ಅಲ್ಲಿಗೇ ನಿಲ್ಲಿಸಿದಳು.

ಕಾಜು ಇಳಿಸಿದೆ. ಕೆನ್ನೆಗೆ ಬಡಿದ ಹಾಗಾಯಿತು. ಬನಶಂಕರಿಯವರೆಗೆ ಇದೇ ಹೊಗೆಯಲ್ಲಿ ಕಾಜು ಏರಿಸಿಕೊಂಡು ಒಬ್ಬನೇ ಕೂತು ಹೋಗಿದ್ದೆ, ತಲೆ ತಿರುಗಿದರೆ ಬಿಸಿಲಿಗೆ ಬೈದಿದ್ದೆ. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಗಾಡಿಯನ್ನು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ ಹಿಂದೆ ತಿರುಗಿದೆ.

"ಎಂಥಾ ವಾಸನಿ? ಸರಿಯಾಗಿ ಹೇಳು."

"ನನಗೇನ ನಿಮ್ಮಂಗ ಹೇಳಾಕ ಬರತೈತೇನು?"

"ನಿನಗ ಬಂದಂಗ ಹೇಳು ಮಾರಾಯ್ತಿ."

ಅವಳು ಮತ್ತೊಮ್ಮೆ ಉಸಿರೆಳೆದುಕೊಂಡು ಯೋಚಿಸಿದಳು. "ಮೊದಲ ನಮ್ಮ ಮನ್ಯಾಗ ಚಿಮಣಿ ಎಣ್ಣಿ ಸ್ಟೋವ್ ಇತ್ತಲ್ಲ. ಬತ್ತಿ ಭಾಳ ಏರಿಸಿದ್ರ ಕೆಂಪಗ ಉರಿದು, ಎಣ್ಣಿ ಅರ್ಧಾ ಸುಟ್ಟು, ಪಾತೇಲಿ ಬುಡಕ್ಕ ಮಸಿ ಹತ್ತತಿತ್ತು ನೋಡ್ರಿ. ಆ ವಾಸನಿ."

ಇಷ್ಟು ವರ್ಷ ಈ ಕಸುಬು ಮಾಡಿದ ನಾನೂ ರಿಚ್ ಆದ ಎಂಜಿನ್ನಿನ ವಾಸನೆಯನ್ನು ಅಷ್ಟು ಸ್ವಚ್ಛವಾಗಿ ಯಾರಿಗೂ ಹೇಳಿರಲಿಲ್ಲ. ಪ್ಲಗ್ಗು ಹೇಳಿದ್ದು ಖರೆ. ಗಾಡಿ ಪೆಟ್ರೋಲಿನಲ್ಲಿ ಮುಳುಗಿತ್ತು. ಹಾಗಾದರೆ ಸ್ಕ್ಯಾನರಿಗೆ ಲೀನ್ ಎಂದು ಹೇಳಿದವರು ಯಾರು?

ಕೆಳಗಿಳಿದು ಮರದ ಸುತ್ತ ತಿರುಗಿದೆ. ತಿರುಗಿದರೆ ನನಗೆ ತಲೆ ಓಡುತ್ತದೆ. ಸ್ಕ್ಯಾನರಿಗೆ ಸ್ವಂತ ಬುದ್ಧಿ ಇಲ್ಲ, ಅದು ಗಾಡಿಯ ಕಂಪ್ಯೂಟರು ಹೇಳಿದ್ದನ್ನು ಹೇಳುತ್ತದೆ. ಕಂಪ್ಯೂಟರಿಗೆ ಸುದ್ದಿ ಕೊಡುವುದು ಹೊಗೆ ಹೋಗುವ ಕೊಳವೆಯಲ್ಲಿ ಕೂತ ಒಂದು ಸೆನ್ಸರು. ಉರಿದ ಮೇಲೆ ಗಾಳಿ ಎಷ್ಟು ಉಳಿದಿದೆ ಎಂದು ನೋಡುವುದಷ್ಟೇ ಅದರ ಕೆಲಸ. ಆ ಸೆನ್ಸರಿಗಿಂತ ಮುಂಚೆ, ಎಂಜಿನ್ನಿನ ಬದಿಯಲ್ಲಿ, ಕೊಳವೆ ಎಲ್ಲಾದರೂ ಸೀಳಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸೆನ್ಸರು ಪಾಪ ಆ ಗಾಳಿಯನ್ನು ನೋಡಿ, ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಸಾಲದು ಎನ್ನುತ್ತದೆ. ಕಂಪ್ಯೂಟರು ಇನ್ನಷ್ಟು ಸುರಿಯುತ್ತದೆ. ಆದರೂ ಸಾಲದು ಎನ್ನುತ್ತದೆ, ಮತ್ತೂ ಸುರಿಯುತ್ತದೆ. ಹೊಟ್ಟೆ ತುಂಬಿದ ಮಗು ಹಸಿದಿದೆ ಎಂದು ಯಾರೋ ಹೇಳಿದ್ದಕ್ಕೆ ಮತ್ತೆ ಮತ್ತೆ ಹಾಲು ಕುಡಿಸಿದ ಹಾಗೆ. ಅದೇ ಸೀಳಿನಿಂದ ಹೊಗೆ ಹೊರಬಿದ್ದು ಎಸಿಯ ದಾರಿಯಲ್ಲಿ ಒಳಗೂ ಬರುತ್ತಿದೆ.

"ಕೊಳವಿ ಸೀಳೈತಿ!" ಎಂದು ಕೂಗಿದೆ. ಹೆಂಡತಿ ಬೆಚ್ಚಿಬಿದ್ದು ಕರದಂಟಿನ ಪೊಟ್ಟಣ ಹಿಡಿದುಕೊಂಡಳು.

ಕಾಜು ಇಳಿಸಿಕೊಂಡೇ ಹುನಗುಂದ ತಲುಪಿದೆವು. ಅಲ್ಲಿ ರಸ್ತೆಯ ಬದಿಗೆ ನಿಲ್ಲಿಸಿ, ಗೋಣಿಚೀಲ ಹಾಸಿ ಗಾಡಿಯ ಕೆಳಗೆ ತೂರಿದೆ. ಕೊಳವೆಯ ಮೇಲೆ ತುಕ್ಕು ಹಿಡಿದಿತ್ತು, ಉಳಿದದ್ದೆಲ್ಲ ಗಟ್ಟಿಮುಟ್ಟು. ಟಾರ್ಚಿನ ಬೆಳಕು ಬಿಟ್ಟು ಈ ತುದಿಯಿಂದ ಆ ತುದಿಗೆ ನೋಡಿದೆ. ಸೀಳಿಲ್ಲ, ತೂತಿಲ್ಲ, ಕೂದಲೆಳೆಯಷ್ಟು ಗೆರೆಯೂ ಇಲ್ಲ. ನನ್ನ ಲೆಕ್ಕಾಚಾರವೆಲ್ಲ ನೀರಿನಲ್ಲಿ ಹೋಮವಾಯಿತಲ್ಲ ಎಂದು ಅಲ್ಲೇ ಮಲಗಿ ಹಲ್ಲು ಕಡಿದೆ. ಕಣ್ಣ ಮುಂದೆ ಕೆರೂರಿನ ಕೌಂಟರು ಬಂದು ನಿಂತಿತು.

"ತೊಟ್ಟಿಲಕ್ಕ ಹಾಕೂ ಹೊತ್ತಿಗೆ ಕೂಸು ಸಾಲಿಗೆ ಹೊಕ್ಕೈತಿ" ಎಂದಳು ಮೇಲಿನಿಂದ ಹೆಂಡತಿ. ಎದ್ದು ಗಾಡಿ ಬಿಟ್ಟೆ.

ಇಳಕಲ್ಲಿನಲ್ಲಿ ಅವಳನ್ನು ತಂಗಿಯ ಮನೆಗೆ ಬಿಡದೆ ನೇರ ಕಲ್ಲಿನ ಘಟಕಕ್ಕೇ ಹೋದೆ. ಎಂಜಿನ್ನು ಬಿಸಿಯಾಗಿರುವಾಗಲೇ ನೋಡಬೇಕಿತ್ತು. ಕೊಯ್ಯುವ ಯಂತ್ರಗಳು ಚೀರುತ್ತಿದ್ದವು, ಕೆಂಪು ನೀರು ಗಟಾರದಲ್ಲಿ ಹರಿಯುತ್ತಿತ್ತು. ಕಲ್ಲಿನವನು ಕೈ ಒರೆಸಿಕೊಳ್ಳುತ್ತ ಬಂದ. ಗಾಡಿಯನ್ನು ಎರಡು ದಪ್ಪ ಕಲ್ಲುಗಳ ಮೇಲೆ ಹತ್ತಿಸಿದೆ, ಎಂಜಿನ್ ಆರಿಸಲಿಲ್ಲ. ಯಂತ್ರದ ಪೂಜೆಗೆ ಇಟ್ಟಿದ್ದ ಊದುಬತ್ತಿಯ ಕಟ್ಟಿನಿಂದ ಒಂದನ್ನು ಹಚ್ಚಿಕೊಡಲು ಹೇಳಿದೆ.

"ಗಾಡಿಗೆ ಪೂಜಿ ಮಾಡ್ತೀರೇನ್ರಿ?" ಎಂದ.

ಕೆಳಗೆ ಮಲಗಿ ಊದುಬತ್ತಿಯನ್ನು ಕೊಳವೆಯ ಉದ್ದಕ್ಕೂ ನಿಧಾನ ಸರಿಸಿದೆ. ಹೊಗೆಯ ಎಳೆ ನೆಟ್ಟಗೆ ಏರುತ್ತಿತ್ತು. ಸೆನ್ಸರಿಗಿಂತ ಒಂದು ಗೇಣು ಮುಂಚೆ, ಎಂಜಿನ್ನಿನ ಬದಿಗೆ, ಮಡಚಿದ ಜಾಗದ ಬುಡದಲ್ಲಿ, ಎಳೆ ತುಂಡಾಯಿತು. ಒಂದು ಕ್ಷಣ ಹೊರಗೆ ಚಿಮ್ಮಿತು, ಒಂದು ಕ್ಷಣ ಕೊಳವೆಯ ಮೈಯೊಳಗೆ ಹೀರಿಕೊಂಡು ಹೋಯಿತು. ಅಲ್ಲಿ ಕಣ್ಣಿಗೆ ತುಕ್ಕು ಬಿಟ್ಟರೆ ಬೇರೇನೂ ಇಲ್ಲ. ಸ್ಕ್ರೂಡ್ರೈವರಿನಿಂದ ಗೀರಿದೆ. ಕೆಂಪು ಪುಡಿ ಉದುರಿತು. ತುಕ್ಕಿನ ಪುಡಿ ಹೀಗೆ ಮಿನುಗುವುದಿಲ್ಲ. ಅದು ಗ್ರಾನೈಟಿನ ಪುಡಿ.

ಹೊರಗೆ ಬಂದು ಅಂಗೈಯಲ್ಲಿದ್ದ ಪುಡಿಯನ್ನು ಕಲ್ಲಿನವನ ಮುಂದೆ ಹಿಡಿದೆ. ಅವನ ಮುಖ ಅರಳಿತು.

"ಅಯ್ಯ, ಅದ ಸಿಕ್ತೇನ್ರಿ ನಿಮಗ! ಖಣಿ ದಾರ್‍ಯಾಗ ಕಲ್ಲ ಬಡದು ಕೊಳವಿ ಸೀಳಿತ್ತು. ನಾನ ಮೆತ್ತೇನಿ. ಬೆಂಕಿ ತಡಿಯೂ ಪುಟ್ಟಿ ಸಿಗತೈತಲ್ರಿ, ಅದಕ್ಕ ನಮ್ಮ ಕೆಂಪಗಲ್ಲಿನ ಹಿಟ್ಟ ಕಲಸಿ, ಮೆತ್ತಿ, ತಿಕ್ಕೀನಿ. ತುಕ್ಕಿನ ಬಣ್ಣಕ್ಕ ಹೆಂಗ ಹೊಂದೈತಿ ನೋಡ್ರಿ."

ಅವನ ಕಸುಬಿನಲ್ಲಿ ಇದೊಂದು ಪದ್ಧತಿ. ಕೊಯ್ದ ಹಾಸುಗಲ್ಲಿನಲ್ಲಿ ಬಿರುಕು ಕಂಡರೆ ಅಂಟಿಗೆ ಅದೇ ಕಲ್ಲಿನ ಹಿಟ್ಟು ಕಲಸಿ ತುಂಬುತ್ತಾರೆ, ತಿಕ್ಕುತ್ತಾರೆ. ಆಮೇಲೆ ಬೇರೆ ಕೆಲಸದವನನ್ನು ಕರೆದು ಬಿರುಕು ಎಲ್ಲಿದೆ ಹುಡುಕು ಎನ್ನುತ್ತಾರೆ. ಅವನು ಕಣ್ಣಿಟ್ಟು ನೋಡಿ, ಉಗುರು ಎಳೆದು ನೋಡಿ, ಸಿಗಲಿಲ್ಲವೆಂದರೆ ಕೆಲಸ ಪಾಸು. ಸಿಕ್ಕರೆ ಮತ್ತೆ ತಿಕ್ಕಬೇಕು. ಕೊಳವೆಯನ್ನೂ ಹಾಗೇ ಘಟಕದವರಿಗೆಲ್ಲ ತೋರಿಸಿದ್ದನಂತೆ. ಒಬ್ಬನಿಗೂ ಸಿಕ್ಕಿರಲಿಲ್ಲವಂತೆ.

"ಇಷ್ಟ ಸಲ ನೋಡಿದ್ರಿ, ನಿಮಗೂ ಸಿಗಲಿಲ್ಲಲ್ಲ!" ಎಂದ, ಹೆಮ್ಮೆಯಿಂದ.

ಅವನು ಯಾವಾಗಲೂ ಕಾಜು ಇಳಿಸಿಯೇ ಓಡಿಸುವವನು, ಒಳಗಿನ ಹೊಗೆ ಅವನ ಮೂಗಿಗೆ ಹತ್ತಿರಲಿಲ್ಲ. ತಣ್ಣಗಿದ್ದಾಗ ಆ ಮೆತ್ತಿದ್ದು ಬಿಗಿಯಾಗಿ ಕೂತಿರುತ್ತಿತ್ತು. ಅಮೀನಗಡದವರೆಗೆ ಓಡಿ ಕಾವು ಹತ್ತಿದ ಮೇಲೆ ಕಬ್ಬಿಣ ಹಿಗ್ಗಿ, ಅದರ ಅಂಚಿನಲ್ಲಿ ಸೀಳು ಬಾಯಿ ತೆರೆಯುತ್ತಿತ್ತು. ಇಷ್ಟಕ್ಕೆ ನಾನು ಪಂಪು ಬದಲಿಸಿದ್ದೆ, ನಿದ್ದೆ ಬಿಟ್ಟಿದ್ದೆ, ಗ್ಯಾರೇಜಿಗೆ ಬೀಗ ಹಾಕಲು ಹೊರಟಿದ್ದೆ. ನನ್ನ ಸಿಟ್ಟು ನೆತ್ತಿಗೇರಿತು.

"ಏನ್ ಮಾರಾಯ ನೀ! ಕೆಟ್ಟದ್ದು ಮುಚ್ಚಿ ಇಟ್ಟು ರಿಪೇರಿ ಮಾಡ್ರಿ ಅಂದ್ರ ನಾ ಏನ್ ದೇವರ? ಒಂದ ಮಾತ, ಇಲ್ಲಿ ಸೀಳೈತಿ ಅಂತ ಒಂದ ಮಾತ ಹೇಳಿದ್ರ ನಿನ್ನ ಗಂಟ ಏನ್ ಹೋಗತಿತ್ತು? ಎಲ್ಲಾರೂ ಉಸಿರಾಡೂ ಗಾಳಿ ಅದು! ಕೆಟ್ಟೈತಿ ಅಂತ ಬಾಯಿಬಿಟ್ಟ ಹೇಳಾಕ ಏನ್ ನಾಚಿಕಿ? ಯಾರ ಏನ್ ಅಂತಿದ್ರು ನಿನಗ?"

ಯಂತ್ರದವರೆಲ್ಲ ತಿರುಗಿ ನೋಡಿದರು. ಕಲ್ಲಿನವನ ನಗೆ ಆರಿಹೋಯಿತು. "ನಾ ಮುಚ್ಚಿಡಬೇಕಂತ ಮಾಡಿದ್ದಲ್ರಿ" ಎಂದ, ಮೆಲ್ಲಗೆ. "ಕಾಣಲಾರದಂಗ ಮಾಡಿದ್ರ ಗುಣಾ ಆತು ಅಂತ ತಿಳ್ಕೊಂಡಿದ್ದೆ."

ನನ್ನ ಹೆಂಡತಿ ಒಂದು ಕಲ್ಲಿನ ಮೇಲೆ ಕೂತು ಅವರು ಕೊಟ್ಟ ನೀರು ಕುಡಿಯುತ್ತಿದ್ದಳು. ಲೋಟ ಇಳಿಸಿ ನನ್ನನ್ನು ನೋಡಿದಳು. ಅವಳು ಅನ್ನಬೇಕಾದ್ದನ್ನೆಲ್ಲ ನಾನೇ ಅಂದುಬಿಟ್ಟಿದ್ದೆ, ಬೇರೆಯವನಿಗೆ. ಮುಖ ಬಿಸಿಯಾಯಿತು. ಅಲ್ಲಿಂದ ಎದ್ದುಹೋಗಿ ಸಾಲಾಗಿ ನಿಲ್ಲಿಸಿದ ಹಾಸುಗಲ್ಲುಗಳ ನಡುವೆ ಅತ್ತಿಂದಿತ್ತ ಅಡ್ಡಾಡಿದೆ. ಪಾಲಿಶ್ ಆದ ಕಲ್ಲಿನಲ್ಲಿ ಎಲ್ಲಿ ನೋಡಿದರೂ ನನ್ನದೇ ಮುಖ.

ತಿರುಗಿ ಬಂದು, ಬೈದದ್ದು ಹೆಚ್ಚಾಯಿತು ಎಂದೆ. "ಬೈಸಿಕೊಳ್ಳೂ ಕೆಲಸಾನ ಮಾಡೇನಿ ಬಿಡ್ರಿ" ಎಂದ. ಘಟಕದಲ್ಲೇ ವೆಲ್ಡಿಂಗ್ ಇತ್ತು. ಕೊಳವೆ ಬಿಚ್ಚಿ, ಅವನು ಮೆತ್ತಿದ್ದನ್ನೆಲ್ಲ ಕೆರೆದು ತೆಗೆದು, ಸೀಳಿನ ಮೇಲೆ ನಾನೇ ಬೆಸುಗೆ ಹಾಕಿದೆ. ದಪ್ಪಗೆ, ಉಬ್ಬಿಕೊಂಡು, ಹಳೆಯ ಗಾಯದ ಹಾಗೆ ಕಾಣುತ್ತಿತ್ತು. ಕಲ್ಲಿನವನಿಗೆ ತಡೆಯಲಾಗಲಿಲ್ಲ.

"ಇದು ಕಾಣತೈತಲ್ರಿ. ಒಂದೀಟ ತಿಕ್ಕಲೇನು?"

"ಕಾಣ್ಲಿ" ಎಂದೆ.

ತೊಟ್ಟಿಲ ಶಾಸ್ತ್ರಕ್ಕೆ ಇನ್ನೂ ಹೊತ್ತಿತ್ತು, ಹೆಂಡತಿಯನ್ನೂ ಹಿಂದೆ ಕೂರಿಸಿಕೊಂಡು ಗಾಡಿಯನ್ನು ಹುನಗುಂದದ ತನಕ ಓಡಿಸಿ ತಂದೆವು. ಎಲ್ಲೂ ತಿಣುಕಲಿಲ್ಲ. ಸ್ಕ್ಯಾನರಿನ ಅಂಕಿ ಮೆಲ್ಲಗೆ ಇಳಿಯುತ್ತ ಬಂದು ಹದಕ್ಕೆ ನಿಂತಿತು. ರೋಗ ಸಿಕ್ಕಿತ್ತು, ವಾಸಿಯೂ ಆಗಿತ್ತು. ನನಗೆ ಖುಷಿಯಾಗಬೇಕಿತ್ತು. ಸಿಕ್ಕದ್ದು ಹೆಂಡತಿಯ ಮೂಗಿನಿಂದ, ನನ್ನದರಿಂದಲ್ಲ ಎಂಬುದು ಒಳಗೆ ಕೊರೆಯುತ್ತಲೇ ಇತ್ತು. ನಾಳೆ ಇನ್ನೊಂದು ಗಾಡಿ ಬರುತ್ತದೆ, ಆಗ ಅವಳನ್ನು ಎಲ್ಲಿಂದ ತರುವುದು?

ಘಟಕದ ಮುಂದೆ ಎಂಜಿನ್ ಚಾಲೂ ಇಟ್ಟೇ ಇಳಿದೆವು. ಕಲ್ಲಿನವನು ಕೈ ಉಜ್ಜಿಕೊಂಡ.

"ಇನ್ನ ಒಂದ ಸಲ ವಾಸನಿ ನೋಡಿಬಿಡ್ರಿ. ನಿಮ್ಮ ಮೂಗು ಹೂಂ ಅಂದ್ರ ನನಗ ನಿಶ್ಚಿಂತಿ."

ಸೈಲೆನ್ಸರಿನ ಹಿಂದೆ ಹೋದೆ. ಮೈಗೆ ರೂಢಿಯಾದ ನಾಟಕ, ತಾನಾಗಿಯೇ ಬಗ್ಗಿತು. ಕಣ್ಣು ಮುಚ್ಚಿ ತಲೆ ಆಡಿಸಿದ್ದರೆ ಮುಗಿಯುತ್ತಿತ್ತು, ಗಾಡಿ ಸರಿಯಾಗಿತ್ತಲ್ಲ. ಹೆಂಡತಿ ಬಾಗಿಲು ತೆರೆದು ಹಿಂದಿನ ಸೀಟಿನಲ್ಲೇ ಇದ್ದಳು. ಅವಳು ಇಳಿದು ಬಂದು ನನ್ನ ಪಾಲಿನ ವಾಸನೆಯನ್ನು ತಾನೇ ನೋಡಿ ಹೇಳಲಿ ಎಂದು ಆಸೆಪಟ್ಟೆ. ಅವಳು ಏಳಲಿಲ್ಲ. ಮಡಿಲಿನ ಗಂಟನ್ನು ಬಿಚ್ಚಿ ಕಟ್ಟುತ್ತಿದ್ದಳು.

"ನನಗ ವಾಸನಿ ಬರೂದಿಲ್ಲ" ಎಂದೆ.

"ನೆಗಡಿ ಏನ್ರಿ?"

"ನೆಗಡಿ ಅಲ್ಲ. ಕೊರೋನಾದಾಗ ಹೋತು. ಮತ್ತ ಬರಲಿಲ್ಲ."

ಅವನು ನನ್ನನ್ನು ನೋಡಿದ, ಗಾಡಿಯನ್ನು ನೋಡಿದ. "ಹಂಗಾರ ಇಷ್ಟ ದಿನ ನಮ್ಮ ಗಾಡಿ ಹೆಂಗ ನೋಡಿದ್ರಿ?"

ನಾನು ಹೆದರಿಕೊಂಡು ಬಂದದ್ದು ಇದೇ ಪ್ರಶ್ನೆಗೆ. ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ, ದಿಗಿಲು ಇತ್ತು. ಹೆಂಡತಿ ಮಕ್ಕಳನ್ನು ಅದೇ ಗಾಡಿಯಲ್ಲಿ ಕೂರಿಸಿಕೊಂಡು ಓಡಾಡಿದ ಮನುಷ್ಯ ಅವನು.

"ಕಿವಿಲೆ ನೋಡೇನಿ, ಕೈಲೆ ನೋಡೇನಿ, ಆ ಪೆಟಗಿಲೆ ನೋಡೇನಿ. ಮೂಗಿನ ಜಾಗಾದಾಗ ಸುಳ್ಳ ತಲಿ ಆಡಿಸೇನಿ. ಇನ್ನ ಆಡಸೂದಿಲ್ಲ. ನಿಮ್ಮ ಮೂಗು ಐತಲ್ಲ, ಬರ್ರಿ, ನೀವ ನೋಡ್ರಿ."

"ನನಗೇನ ತಿಳೀತೈತ್ರಿ ಇದರಾಗ?"

"ತಿಳಿಯೂದು ನನಗ ಬಿಡ್ರಿ. ಬಂದದ್ದು ಹೇಳ್ರಿ."

ಘಟಕದ ಕಡೆ ಒಂದು ಹೆಜ್ಜೆ ಇಟ್ಟ. ಹೊರಟೇಹೋಗುತ್ತಾನೆ ಎಂದುಕೊಂಡೆ. ಆಮೇಲೆ ಪ್ಯಾಂಟು ಮೇಲೆಳೆದುಕೊಂಡು ನನ್ನ ಪಕ್ಕ ಬಗ್ಗಿದ. ಒಮ್ಮೆ ಎಳೆದುಕೊಂಡ, ಬಿಟ್ಟ, ಇನ್ನೊಮ್ಮೆ ಎಳೆದುಕೊಂಡ. ಶಾಲೆಯಲ್ಲಿ ಉತ್ತರ ಬಾರದ ಮಗುವಿನ ಮುಖ ಮಾಡಿದ.

"ಏನೂ ಇಲ್ರಿ."

"ಏನೂ ಅಂದ್ರ?"

"ಪೆಟ್ರೋಲ್ ಇಲ್ಲ, ಸುಟ್ಟದ್ದಿಲ್ಲ, ಏನೂ ಇಲ್ಲ. ಬಿಸಿ ಗಾಳಿ ಮುಖಕ್ಕ ಬಡೀತೈತಿ, ಅಷ್ಟ. ತಪ್ಪ ಹೇಳಿದ್ನೇನ್ರಿ?"

ತಪ್ಪಿರಲಿಲ್ಲ. ಹದವಾಗಿ ಉರಿಯುವ ಎಂಜಿನ್ನಿಗೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಕೆಟ್ಟ ಗಾಡಿಗಳನ್ನೇ ಮೂಸಿ ಮೂಸಿ ಅದು ನನಗೆ ಮರೆತೇಹೋಗಿತ್ತು. ಅವನ ಪಕ್ಕದಲ್ಲಿ ನಾನೂ ಮುಖವೊಡ್ಡಿ, ಕಣ್ಣು ತೆರೆದುಕೊಂಡೇ ಉಸಿರು ಎಳೆದುಕೊಂಡೆ. ಬಿಸಿ ಗಾಳಿ ಮುಖಕ್ಕೆ ಬಡಿಯಿತು, ಬೇರೇನೂ ಇಲ್ಲ. ಅವನಿಗೆ ಎಷ್ಟು ವಾಸನೆ ಬಂದಿತ್ತೋ ನನಗೂ ಅಷ್ಟೇ ಬಂದಿತ್ತು.